ಅರ್ಧ ದಿನದ ಡೇಕೇರ್‌ಗೆ ಅರ್ಧ ಫೀ ಯಾಕಲ್ಲ? ಪುಟ್ಟ ಮಕ್ಕಳ ಆರೈಕೆಯ ಖರ್ಚಿನ ಪೂರ್ತಿ ಲೆಕ್ಕ

ಒಂದೂವರೆ ವರ್ಷದ ಮಗುವನ್ನು ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ ಡೇಕೇರ್‌ನಲ್ಲಿ ಬಿಡಬೇಕು ಎಂದುಕೊಳ್ಳಿ. ವಿಚಾರಿಸಲು ಹೋದರೆ ಪೂರ್ತಿ ದಿನಕ್ಕೆ ತಿಂಗಳಿಗೆ 11,000 ರೂಪಾಯಿ, ಅರ್ಧ ದಿನಕ್ಕೆ 8,000 ರೂಪಾಯಿ ಎನ್ನುತ್ತಾರೆ. ಪೂರ್ತಿ ದಿನವೆಂದರೆ ಒಂಬತ್ತು ಗಂಟೆ, ಅರ್ಧ ದಿನವೆಂದರೆ ನಾಲ್ಕು ಗಂಟೆ. ಸಮಯ ಅರ್ಧಕ್ಕಿಂತ ಕಡಿಮೆ, ದುಡ್ಡು ಮಾತ್ರ ಹತ್ತಿರ ಹತ್ತಿರ ಮುಕ್ಕಾಲು ಪಾಲು. ‘ಇದು ಸುಲಿಗೆಯಲ್ಲದೆ ಮತ್ತೇನು?’ ಎಂದು ಅನ್ನಿಸುವುದು ಸಹಜ.

ಇಂಥ ಫೀ ಕೇಳಿದ ಮೇಲೆ ಎಷ್ಟೋ ಮನೆಗಳಲ್ಲಿ ಒಂದು ತೀರ್ಮಾನ ಆಗಿಬಿಡುತ್ತದೆ: ‘ಇಷ್ಟು ಕೊಟ್ಟು ಕೆಲಸಕ್ಕೆ ಹೋಗುವುದಕ್ಕಿಂತ ನೀನೇ ಮನೆಯಲ್ಲಿರು.’ ಹಾಗಾಗಿ ಡೇಕೇರ್ ಫೀಯ ಲೆಕ್ಕ ಬರೀ ತಿಂಗಳ ಬಜೆಟ್ಟಿನ ವಿಷಯವಾಗಿ ಉಳಿಯುವುದಿಲ್ಲ. ಮಗುವಿನ ಆರೈಕೆಯ ಗುಣಮಟ್ಟ ಮತ್ತು ತಾಯಿಯ ಉದ್ಯೋಗ ಎರಡೂ ಅದರ ಮೇಲೆ ನಿಂತಿರುತ್ತವೆ. ಆ ಲೆಕ್ಕವನ್ನು ಸರಿಯಾಗಿ ಹಾಕುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಚುಟುಕಾಗಿ ಹೇಳುವುದಾದರೆ

- ಡೇಕೇರ್‌ನ ಖರ್ಚಿನಲ್ಲಿ ದೊಡ್ಡ ಪಾಲು ಬಾಡಿಗೆ ಮತ್ತು ಸಂಬಳ. ಮಗು ಬೇಗ ಮನೆಗೆ ಹೋದರೂ ಇವೆರಡು ಕಡಿಮೆಯಾಗುವುದಿಲ್ಲ.
- ಅದಕ್ಕೇ ಅರ್ಧ ದಿನದ ಆರೈಕೆ ಗಂಟೆಯ ಲೆಕ್ಕದಲ್ಲಿ ಪೂರ್ತಿ ದಿನಕ್ಕಿಂತ ದುಬಾರಿ.
- ಇಬ್ಬರು ಆಯಾಗಳ ಕೆಲಸವನ್ನು ಒಬ್ಬರಿಂದ ಮಾಡಿಸಿದರೆ ಫೀ ಇಳಿಯುತ್ತದೆ. ಎಲ್ಲಕ್ಕಿಂತ ಅಗ್ಗದ ಕೇಂದ್ರ ಕಂಡಾಗ ಮೊದಲು ಇದನ್ನೇ ಪರೀಕ್ಷಿಸಿ.
- ಫೀ ಜೊತೆಗೆ ಆಟೋ ಖರ್ಚು, ಅಡ್ಮಿಷನ್ ಫೀ, ಕಾಯಿಲೆಯಿಂದ ತಪ್ಪುವ ದಿನಗಳನ್ನು ಸೇರಿಸಿದರೆ ಮಾತ್ರ ನಿಜವಾದ ಖರ್ಚು ಗೊತ್ತಾಗುತ್ತದೆ.
- ಆ ಖರ್ಚನ್ನು ಇಡೀ ಮನೆಯ ಆದಾಯದ ಜೊತೆ ಹೋಲಿಸಬೇಕು, ತಾಯಿಯ ಸಂಬಳದ ಜೊತೆ ಮಾತ್ರ ಅಲ್ಲ.

ಡೇಕೇರ್, ಪ್ಲೇಹೋಂ, ಬೇಬಿ ಸಿಟ್ಟಿಂಗ್: ಎಲ್ಲವೂ ಒಂದೇನಾ?

ಮಾತಿನಲ್ಲಿ ಇವೆಲ್ಲವನ್ನೂ ಒಂದೇ ಎಂಬಂತೆ ಬಳಸುತ್ತೇವೆ. ಖರ್ಚಿನ ಲೆಕ್ಕ ಹಾಕುವಾಗ ಮಾತ್ರ ವ್ಯತ್ಯಾಸ ತಿಳಿದಿರಬೇಕು.

ಪ್ಲೇಹೋಂ ಅಥವಾ ಪ್ಲೇಸ್ಕೂಲ್ ಎಂದರೆ ದಿನಕ್ಕೆ ಮೂರು–ನಾಲ್ಕು ಗಂಟೆಯ ಆಟ–ಪಾಠ. ಶಾಲೆಯಂತೆ ಇದಕ್ಕೂ ಬೇಸಿಗೆ ರಜೆ, ದಸರಾ ರಜೆ ಇರುತ್ತದೆ. ಫೀಯನ್ನು ಹೆಚ್ಚಾಗಿ ವರ್ಷಕ್ಕೆ ಅಥವಾ ಕಂತಿನ ಲೆಕ್ಕದಲ್ಲಿ ಕಟ್ಟಿಸಿಕೊಳ್ಳುತ್ತಾರೆ. ಖಾಸಗಿ ಪ್ಲೇಸ್ಕೂಲ್‌ಗಳಿಗಾಗಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ರೂಪಿಸಿದ ಮಾರ್ಗಸೂಚಿ 3ರಿಂದ 6 ವರ್ಷದ ಮಕ್ಕಳನ್ನು ಗಮನದಲ್ಲಿಟ್ಟುಕೊಂಡದ್ದು. 20 ಮಕ್ಕಳಿಗೆ ಒಬ್ಬ ಶಿಕ್ಷಕಿ ಮತ್ತು ಒಬ್ಬ ಆಯಾ ಇರಬೇಕು ಎನ್ನುತ್ತದೆ ಅದು.

ಡೇಕೇರ್ ಎಂದರೆ ಊಟ, ನಿದ್ದೆ, ಡೈಪರ್ ಬದಲಿಸುವುದು ಎಲ್ಲ ಸೇರಿದ ಆರೈಕೆ. ಸರ್ಕಾರಿ ಕಾಗದಗಳಲ್ಲಿ ಇದನ್ನು ಶಿಶುಪಾಲನಾ ಕೇಂದ್ರ ಎನ್ನುತ್ತಾರೆ. ಬೇಬಿ ಸಿಟ್ಟಿಂಗ್ ಎಂದು ಬೋರ್ಡ್ ಹಾಕಿಕೊಂಡು, ಬಡಾವಣೆಯ ಮನೆಯೊಂದರಲ್ಲಿ ಐದಾರು ಮಕ್ಕಳನ್ನು ನೋಡಿಕೊಳ್ಳುವವರೂ ಇದೇ ಕೆಲಸ ಮಾಡುತ್ತಾರೆ.

ಮೂರು ವರ್ಷದೊಳಗಿನ ಮಗುವಿಗೆ ‘ಅರ್ಧ ದಿನ’ ಹುಡುಕುತ್ತಿದ್ದರೆ ಈ ಎರಡರಲ್ಲಿ ಯಾವುದು ಬೇಕು ಎಂದು ಮೊದಲು ತೀರ್ಮಾನಿಸಿ. ಪ್ಲೇಹೋಂ ತಿಂಗಳ ಲೆಕ್ಕದಲ್ಲಿ ಅಗ್ಗ ಅನ್ನಿಸಬಹುದು. ಆದರೆ ಏಪ್ರಿಲ್–ಮೇ ರಜೆಯಲ್ಲಿ ಮಗುವನ್ನು ನೋಡಿಕೊಳ್ಳಲು ಬೇರೆ ವ್ಯವಸ್ಥೆ ಬೇಕು, ಅದರ ಖರ್ಚೂ ನಿಮ್ಮದೇ.

ನೀವು ಕೊಡುವ ಫೀ ಎಲ್ಲಿಗೆ ಹೋಗುತ್ತದೆ?

ಬೆಂಗಳೂರಿನಲ್ಲಿ ಡೇಕೇರ್ ಫೀ ಬಡಾವಣೆಯಿಂದ ಬಡಾವಣೆಗೆ ಬದಲಾಗುತ್ತದೆ. ತಿಂಗಳಿಗೆ ಕೆಲವು ಸಾವಿರ ತೆಗೆದುಕೊಳ್ಳುವ ಮನೆಯ ಬೇಬಿ ಸಿಟ್ಟಿಂಗ್ ಇದೆ, 20 ಸಾವಿರ ದಾಟುವ ದೊಡ್ಡ ಕೇಂದ್ರಗಳೂ ಇವೆ. ಯಾವುದೋ ಒಂದು ಸರಾಸರಿ ಹೇಳುವುದಕ್ಕಿಂತ, ಫೀ ಹೇಗೆ ಹುಟ್ಟುತ್ತದೆ ಎಂದು ನೋಡುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಉದಾಹರಣೆಗೆ ಒಂದು ಕೇಂದ್ರವನ್ನು ಊಹಿಸಿಕೊಳ್ಳೋಣ. ಕೆಳಗಿನ ಅಂಕಿಗಳೆಲ್ಲ ಲೆಕ್ಕ ಅರ್ಥವಾಗಲೆಂದು ಇಟ್ಟುಕೊಂಡವು. ನಿಮ್ಮ ಊರಿನ ಬಾಡಿಗೆ, ಸಂಬಳ ಹಾಕಿ ನೀವೇ ಬದಲಿಸಿಕೊಳ್ಳಬಹುದು.

- ಮನೆಯ ಬಾಡಿಗೆ: 45,000
- ಮೇಲ್ವಿಚಾರಕಿಯ ಸಂಬಳ: 25,000
- ನಾಲ್ವರು ಆಯಾಗಳ ಸಂಬಳ, ತಲಾ 16,000: ಒಟ್ಟು 64,000
- ಅಡುಗೆ ಮತ್ತು ಸ್ವಚ್ಛತೆಗೆ ಒಬ್ಬರು: 14,000
- ಕರೆಂಟ್, ನೀರು, ಆಟಿಕೆ, ದುರಸ್ತಿ: 12,000

ಇಷ್ಟೂ ಸೇರಿ 1,60,000 ರೂಪಾಯಿ. ಹತ್ತು ಮಕ್ಕಳು ಬರಲಿ, ಇಪ್ಪತ್ತು ಬರಲಿ, ಈ ಖರ್ಚು ಇದ್ದೇ ಇರುತ್ತದೆ. ಮಕ್ಕಳ ಸಂಖ್ಯೆಗೆ ತಕ್ಕಂತೆ ಬದಲಾಗುವುದು ಊಟ–ತಿಂಡಿ ಮಾತ್ರ. ಅದಕ್ಕೆ ಮಗುವೊಂದಕ್ಕೆ 1,000 ರೂಪಾಯಿ ಹಿಡಿಯೋಣ.

ಕೇಂದ್ರದಲ್ಲಿ 20 ಮಕ್ಕಳಿಗೆ ಜಾಗವಿದೆ. 20 ಸೀಟೂ ತುಂಬಿದರೆ ಮಗುವೊಂದಕ್ಕೆ ತಗಲುವ ಖರ್ಚು 9,000. ವರ್ಷವಿಡೀ ಎಲ್ಲ ಸೀಟು ತುಂಬಿರುವುದು ಕಷ್ಟ. ಯಾರೋ ಊರು ಬದಲಿಸುತ್ತಾರೆ, ಯಾರದೋ ಮಗು ಎಲ್‌ಕೆಜಿಗೆ ಹೋಗುತ್ತದೆ. 16 ಮಕ್ಕಳಿದ್ದಾರೆ ಎಂದು ಹಿಡಿದರೆ ತಲಾ ಖರ್ಚು 11,000ಕ್ಕೆ ಏರುತ್ತದೆ. ಇದರಲ್ಲಿ 10,000 ಸೀಟಿನ ಖರ್ಚು, 1,000 ಊಟದ್ದು. ಮಾಲೀಕರ ಲಾಭ ಇನ್ನೂ ಇದರಲ್ಲಿ ಸೇರಿಲ್ಲ.

ಅರ್ಧ ದಿನ ಬಿಟ್ಟರೂ ಅರ್ಧ ಬೆಲೆ ಆಗದಿರಲು ಕಾರಣ

ನಿಮ್ಮ ಮಗು ಮಧ್ಯಾಹ್ನ 1 ಗಂಟೆಗೆ ಹೊರಟಿತು. ಆಮೇಲೆ ಆ ಸೀಟು ಏನಾಗುತ್ತದೆ?

ಮಧ್ಯಾಹ್ನ 1ರಿಂದ ಸಂಜೆ 6ರವರೆಗೆ ಬೇರೆ ಮಗು ಅದೇ ಸೀಟಿಗೆ ಬಂದರೆ ಖರ್ಚು ಹಂಚಿಹೋಗುತ್ತದೆ. ಬಾರದಿದ್ದರೆ ಆಯಾಗೆ ಅರ್ಧ ಸಂಬಳ ಕೊಡಲಾಗುವುದಿಲ್ಲ, ಮನೆ ಮಾಲೀಕರಿಗೆ ಅರ್ಧ ಬಾಡಿಗೆ ಕೊಡಲಾಗುವುದಿಲ್ಲ. ನಿಮ್ಮ ಮಗುವಿನಿಂದ ಉಳಿದದ್ದು ಒಂದು ಹೊತ್ತಿನ ತಿಂಡಿ ಅಷ್ಟೇ, ಅಂದರೆ 500 ರೂಪಾಯಿ.

ಬೆಳಗಿನ ಹೊತ್ತಿಗೆ ಬೇಡಿಕೆ ಹೆಚ್ಚು, ಮಧ್ಯಾಹ್ನಕ್ಕೆ ಮಾತ್ರ ಬೇಕೆನ್ನುವವರು ಕಡಿಮೆ. ಮಧ್ಯಾಹ್ನದ ಸೀಟು ಎರಡರಲ್ಲಿ ಒಂದು ಸಲ ಮಾತ್ರ ತುಂಬುತ್ತದೆ ಎಂದು ಹಿಡಿಯಿರಿ. ಆಗ ಬೆಳಗಿನ ಮಗು ತನ್ನ ಪಾಲಿನ 5,000 ಕೊಡಬೇಕು. ಜೊತೆಗೆ ಖಾಲಿ ಉಳಿಯಬಹುದಾದ ಮಧ್ಯಾಹ್ನದ ಪಾಲಿನಲ್ಲಿ ಅರ್ಧ, ಅಂದರೆ 2,500 ಕೊಡಬೇಕು. ತಿಂಡಿಯ 500 ಸೇರಿದರೆ 8,000 ರೂಪಾಯಿ. ಮೊದಲಲ್ಲಿ ಹೇಳಿದ ಫೀ ಹುಟ್ಟುವುದು ಹೀಗೆ.

ಬಸ್ಸಿನ ಉದಾಹರಣೆ ಇದನ್ನು ಸುಲಭ ಮಾಡುತ್ತದೆ. ಮೈಸೂರಿಗೆ ಹೊರಟ ಬಸ್ಸಿನಲ್ಲಿ ಸೀಟು ಕಾದಿರಿಸಿ ಮಂಡ್ಯದಲ್ಲಿ ಇಳಿದರೆ, ಅಲ್ಲಿಂದ ಮುಂದಕ್ಕೆ ಆ ಸೀಟಿಗೆ ಇನ್ನೊಬ್ಬರು ಹತ್ತಿದರಷ್ಟೇ ಬಸ್ಸಿನವರಿಗೆ ನಷ್ಟವಿಲ್ಲ. ಡೇಕೇರ್ ಸೀಟಿನ ಕತೆಯೂ ಇದೇ.

‘ವಾರಕ್ಕೆ ಮೂರು ದಿನ ಸಾಕು’ ಎನ್ನುವವರಿಗೂ ಇದೇ ತರ್ಕ ಅನ್ವಯಿಸುತ್ತದೆ. ಸೋಮ, ಬುಧ, ಶುಕ್ರವಾರ ನೀವು ತೆಗೆದುಕೊಂಡರೆ, ಮಂಗಳವಾರ ಮತ್ತು ಗುರುವಾರ ಮಾತ್ರ ಬೇಕೆನ್ನುವ ಇನ್ನೊಂದು ಕುಟುಂಬ ಸಿಗಬೇಕು. ಸಿಗದಿದ್ದರೆ ಆ ಎರಡು ದಿನಗಳ ಖಾಲಿ ಸೀಟಿನ ಭಾರ ನಿಮ್ಮ ಫೀಯಲ್ಲೇ ಸೇರಿರುತ್ತದೆ.

ಕಡಿಮೆ ಫೀ ಎಂದರೆ ಕಡಿಮೆ ಕೈಗಳು

ಮೇಲಿನ ಉದಾಹರಣೆಯಲ್ಲಿ 16 ಮಕ್ಕಳಿಗೆ ನಾಲ್ವರು ಆಯಾಗಳಿದ್ದರು. ಒಬ್ಬರ ಪಾಲಿಗೆ ನಾಲ್ಕು ಮಕ್ಕಳು. ಇದೇ ಕೇಂದ್ರ ಇಬ್ಬರನ್ನು ಕೆಲಸದಿಂದ ತೆಗೆದರೆ 32,000 ಉಳಿಯುತ್ತದೆ, ಫೀ 11,000ದಿಂದ 9,000ಕ್ಕೆ ಇಳಿಯುತ್ತದೆ. ಪೋಷಕರಿಗೆ ಕಾಣುವುದು 2,000 ರೂಪಾಯಿ ಉಳಿತಾಯ. ಮಗುವಿನ ಪಾಲಿಗೆ ಅದನ್ನು ಎತ್ತಿಕೊಳ್ಳುವ ಕೈಗಳು ಅರ್ಧಕ್ಕೆ ಇಳಿದಿವೆ. ಎಂಟು ಪುಟ್ಟ ಮಕ್ಕಳಿಗೆ ಒಬ್ಬರೇ ಊಟ ಮಾಡಿಸಿ, ತೊಳೆದು, ಮಲಗಿಸಬೇಕು. ಒಂದು ಮಗುವಿನ ಡೈಪರ್ ಬದಲಿಸುವಾಗ ಉಳಿದ ಏಳನ್ನು ನೋಡುವವರು ಯಾರು?

ಇದಕ್ಕೆ ನಿಯಮವಿಲ್ಲವೇ? ಉದ್ಯೋಗ ಸ್ಥಳಗಳ ಶಿಶುಪಾಲನಾ ಕೇಂದ್ರಗಳಿಗಾಗಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2018ರಲ್ಲಿ ಕನಿಷ್ಠ ಮಾರ್ಗಸೂಚಿ ಹೊರಡಿಸಿತು. ಮೂರು ವರ್ಷದೊಳಗಿನ 10 ಮಕ್ಕಳಿಗೆ ತರಬೇತಿ ಪಡೆದ ಒಬ್ಬರು, ಮೂರು ದಾಟಿದ 20 ಮಕ್ಕಳಿಗೆ ಒಬ್ಬರು, ಜೊತೆಗೆ ಒಬ್ಬ ಸಹಾಯಕಿ ಇರಬೇಕು ಎಂಬುದು ಅದರ ಲೆಕ್ಕ. ಇದು ಕನಿಷ್ಠ ಮಟ್ಟ ಎಂಬುದು ನೆನಪಿರಲಿ. ಇಂಗ್ಲೆಂಡಿನ ನಿಯಮ ಇದಕ್ಕಿಂತ ಬಿಗಿ: ಎರಡು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರು, ಎರಡು ವರ್ಷದ ಐದು ಮಕ್ಕಳಿಗೆ ಒಬ್ಬರು. ಎರಡು ವರ್ಷದ ಮಕ್ಕಳಿಗೆ ಈ ಮಿತಿ 2023ರವರೆಗೆ ನಾಲ್ಕಿತ್ತು. ಲಂಡನ್ನಿನಲ್ಲಿರುವ ಕನ್ನಡದ ಕುಟುಂಬಗಳು ‘ಇಲ್ಲಿ ನರ್ಸರಿ ಫೀ ಮನೆ ಬಾಡಿಗೆಯಷ್ಟೇ ಇದೆ’ ಎನ್ನುವುದಕ್ಕೆ ಒಂದು ಮುಖ್ಯ ಕಾರಣ ಈ ಲೆಕ್ಕವೇ.

ಮಗು ಬೆಳೆದಂತೆ ಫೀ ಕಡಿಮೆಯಾಗಲು ಕಾರಣವೂ ಇಲ್ಲಿದೆ. ತಾನೇ ಊಟ ಮಾಡುವ, ಬಾತ್‌ರೂಮಿಗೆ ಹೇಳಿ ಹೋಗುವ ಮಗುವಿಗೆ ಕಡಿಮೆ ಕೈ ಸಾಕು. ಒಂದರಿಂದ ಮೂರು ವರ್ಷದ ನಡುವಿನ ಕಾಲವೇ ಆರೈಕೆಯ ಅತಿ ದುಬಾರಿ ಕಾಲ. ಅದು ಮುಗಿಯುವ ಕಾಲವೂ ಹೌದು.

ರಸೀದಿಯಲ್ಲಿ ಕಾಣದ ಖರ್ಚುಗಳು

ಅರ್ಧ ದಿನದ ಫೀ 8,000 ಎಂದರೆ ನಿಮ್ಮ ಖರ್ಚು 8,000 ಅಲ್ಲ. ಇವನ್ನೂ ಸೇರಿಸಿ:

*ಅಡ್ಮಿಷನ್ ಫೀ.* ವರ್ಷಕ್ಕೊಮ್ಮೆ 12,000 ಕಟ್ಟಿದರೆ ತಿಂಗಳಿಗೆ 1,000 ಬಿತ್ತು. ಕೆಲವು ಕಡೆ ಇದರ ಜೊತೆ ಡಿಪಾಸಿಟ್ ಕೂಡ ಇರುತ್ತದೆ.

*ಓಡಾಟ.* ಬೆಂಗಳೂರಿನಲ್ಲಿ 2025ರ ಆಗಸ್ಟ್‌ನಿಂದ ಆಟೋದ ಕನಿಷ್ಠ ದರ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ. ಕೇಂದ್ರ ಎರಡು ಕಿಲೋಮೀಟರ್ ದೂರದಲ್ಲಿದ್ದು, ನೀವು ಮನೆಯಿಂದ ಕೆಲಸ ಮಾಡುವವರು ಎಂದುಕೊಳ್ಳಿ. ಬಿಡಲು ಹೋಗಿ ಬರಬೇಕು, ಕರೆತರಲು ಹೋಗಿ ಬರಬೇಕು: ದಿನಕ್ಕೆ ನಾಲ್ಕು ಸಲ, 144 ರೂಪಾಯಿ. 22 ದಿನಕ್ಕೆ 3,168. ಇದು ಮೀಟರ್ ಹಾಕುವ ಆಟೋ ಸಿಕ್ಕರೆ ಮಾತ್ರ!

*ತಪ್ಪುವ ದಿನಗಳು.* ಮಗುವಿಗೆ ಜ್ವರ ಬಂದರೆ ಕೇಂದ್ರ ಸೇರಿಸಿಕೊಳ್ಳುವುದಿಲ್ಲ, ಸೇರಿಸಿಕೊಳ್ಳಲೂಬಾರದು. ಆ ದಿನಗಳ ಫೀ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ತಿಂಗಳಿಗೆ ಮೂರು ದಿನ ಹಾಗೆ ಹೋಯಿತು ಎಂದರೆ 22ರಲ್ಲಿ ಉಳಿದದ್ದು 19 ದಿನ.

*ತಡವಾದ ದಂಡ.* 1 ಗಂಟೆಗೆ ಕರೆದುಕೊಂಡು ಹೋಗಬೇಕಾದವರು ಮೀಟಿಂಗ್‌ನಲ್ಲಿ ಸಿಕ್ಕಿಕೊಂಡರೆ ಹೆಚ್ಚುವರಿ ಗಂಟೆಯ ದರ. ಪೂರ್ತಿ ದಿನದವರಿಗಿಂತ ಅರ್ಧ ದಿನದವರಿಗೆ ಈ ಕಷ್ಟ ಹೆಚ್ಚು, ಏಕೆಂದರೆ ಮಧ್ಯಾಹ್ನ 1 ಗಂಟೆ ಕೆಲಸದ ಹೊತ್ತಿನ ನಟ್ಟನಡುವೆ ಬರುತ್ತದೆ.

ತಡವಾದ ದಂಡವನ್ನು ಬಿಟ್ಟು ಉಳಿದದ್ದನ್ನು ಕೂಡಿಸೋಣ. ಅರ್ಧ ದಿನಕ್ಕೆ 8,000 + 1,000 + 3,168, ಒಟ್ಟು 12,168. ಸಿಕ್ಕ ಆರೈಕೆ 19 ದಿನ, ದಿನಕ್ಕೆ 4 ಗಂಟೆಯಂತೆ 76 ಗಂಟೆ. ಗಂಟೆಗೆ 160 ರೂಪಾಯಿ.

ಪೂರ್ತಿ ದಿನಕ್ಕೆ 11,000 + 1,000 + 3,168, ಒಟ್ಟು 15,168. ಸಿಕ್ಕ ಆರೈಕೆ 19 ದಿನ, 9 ಗಂಟೆಯಂತೆ 171 ಗಂಟೆ. ಗಂಟೆಗೆ ಸುಮಾರು 89 ರೂಪಾಯಿ.

ಇನ್ನೊಂದು ರೀತಿಯಲ್ಲಿ ನೋಡಿ. ಎರಡರ ನಡುವಿನ ವ್ಯತ್ಯಾಸ 3,000 ರೂಪಾಯಿ, ಹೆಚ್ಚುವರಿಯಾಗಿ ಸಿಗುವುದು 95 ಗಂಟೆ. ಅಂದರೆ ಮಧ್ಯಾಹ್ನದ ಆರೈಕೆ ನಿಮಗೆ ಗಂಟೆಗೆ 32 ರೂಪಾಯಿಗೆ ಸಿಗುತ್ತಿದೆ. ಮಧ್ಯಾಹ್ನ ನಿಮಗೆ ದುಡಿಮೆ ಇದ್ದರೆ ಅರ್ಧ ದಿನ ಆಯ್ದುಕೊಳ್ಳುವುದು ಉಳಿತಾಯವಲ್ಲ. ದುಡಿಮೆ ಇಲ್ಲದಿದ್ದರೆ ‘ಹೇಗೂ ಅಗ್ಗ’ ಎಂದು ಪೂರ್ತಿ ದಿನ ಬಿಡುವ ಅಗತ್ಯವೂ ಇಲ್ಲ.

ನಾಲ್ಕು ಗಂಟೆಯ ಆರೈಕೆ ನಿಮಗೆ ನಾಲ್ಕು ಗಂಟೆಯ ಬಿಡುವನ್ನೂ ಕೊಡುವುದಿಲ್ಲ. ದಾರಿಗೆ 20 ನಿಮಿಷ ಹಿಡಿದರೆ 9ಕ್ಕೆ ಬಿಟ್ಟು 9.20ಕ್ಕೆ ಮನೆ ತಲುಪುತ್ತೀರಿ, 12.40ಕ್ಕೆ ಮತ್ತೆ ಹೊರಡುತ್ತೀರಿ. ಕೈಗೆ ಸಿಕ್ಕದ್ದು ಮೂರು ಗಂಟೆ ಇಪ್ಪತ್ತು ನಿಮಿಷ.

ನಂಬಿಕೆ ಮತ್ತು ವಾಸ್ತವ

ನಂಬಿಕೆ: ಡೇಕೇರ್‌ಗೆ ಕಳಿಸಿದರೆ ಮಗು ಯಾವಾಗಲೂ ಕಾಯಿಲೆ ಬೀಳುತ್ತದೆ.

ವಾಸ್ತವ: ಮೊದಲ ವರ್ಷದ ಮಟ್ಟಿಗೆ ಇದರಲ್ಲಿ ನಿಜವಿದೆ. ಹತ್ತಾರು ಮಕ್ಕಳು ಒಂದೇ ಆಟಿಕೆಯನ್ನು ಬಾಯಿಗಿಟ್ಟುಕೊಳ್ಳುವ ಜಾಗದಲ್ಲಿ ನೆಗಡಿ ಹರಡದೆ ಇರದು. ಅಮೆರಿಕದ ಟೂಸಾನ್‌ನಲ್ಲಿ ಮಕ್ಕಳನ್ನು ಹುಟ್ಟಿನಿಂದ 13 ವರ್ಷದವರೆಗೆ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ದೊಡ್ಡ ಡೇಕೇರ್‌ಗೆ ಹೋದ ಮಕ್ಕಳಿಗೆ ಎರಡನೇ ವಯಸ್ಸಿನಲ್ಲಿ ಹೆಚ್ಚು ನೆಗಡಿ ಬಂದಿತ್ತು. ಆದರೆ 6ರಿಂದ 11 ವರ್ಷದ ಶಾಲಾ ದಿನಗಳಲ್ಲಿ ಅವರಿಗೆ ಉಳಿದವರಿಗಿಂತ ಕಡಿಮೆ ಬಂತು. 13 ವರ್ಷವಾಗುವ ಹೊತ್ತಿಗೆ ವ್ಯತ್ಯಾಸ ಉಳಿಯಲಿಲ್ಲ. ಹಾಗೆಂದು ಕಾಯಿಲೆ ಬರಲಿ ಬಿಡಿ ಎಂದಲ್ಲ. ಲಸಿಕೆಗಳನ್ನು ಸಮಯಕ್ಕೆ ಹಾಕಿಸಿ, ಉಸಿರಾಟಕ್ಕೆ ಕಷ್ಟವಾದರೆ ಅಥವಾ ಜ್ವರ ಇಳಿಯದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಬಜೆಟ್ಟಿನ ದೃಷ್ಟಿಯಿಂದ, ಮೊದಲ ವರ್ಷ ಹಲವು ದಿನಗಳು ತಪ್ಪುತ್ತವೆ ಎಂದು ಮೊದಲೇ ಲೆಕ್ಕದಲ್ಲಿಟ್ಟುಕೊಳ್ಳಿ. ಆ ದಿನಗಳಲ್ಲಿ ರಜೆ ಹಾಕುವವರು ಯಾರು ಎಂಬುದನ್ನೂ ಗಂಡ–ಹೆಂಡತಿ ಮೊದಲೇ ಮಾತಾಡಿಕೊಳ್ಳಿ.

ನಂಬಿಕೆ: ಅರ್ಧ ದಿನವಾದರೆ ಪರವಾಗಿಲ್ಲ, ಪೂರ್ತಿ ದಿನ ಬಿಟ್ಟರೆ ಮಗುವಿನ ಬೆಳವಣಿಗೆ ಕೆಡುತ್ತದೆ.

ವಾಸ್ತವ: ಈ ಪ್ರಶ್ನೆಯನ್ನು ಬಹಳ ವಿವರವಾಗಿ ನೋಡಿದ ಅಧ್ಯಯನ ಅಮೆರಿಕದ ರಾಷ್ಟ್ರೀಯ ಮಕ್ಕಳ ಆರೋಗ್ಯ ಸಂಸ್ಥೆಯದು. 1991ರಲ್ಲಿ ಹತ್ತು ಸ್ಥಳಗಳಲ್ಲಿ ಹುಟ್ಟಿದ 1,300ಕ್ಕೂ ಹೆಚ್ಚು ಮಕ್ಕಳನ್ನು ಹದಿಹರೆಯದವರೆಗೆ ಅದು ಹಿಂಬಾಲಿಸಿತು. ಒಳ್ಳೆಯ ಗುಣಮಟ್ಟದ ಆರೈಕೆ ಸಿಕ್ಕ ಮಕ್ಕಳ ಭಾಷೆ ಮತ್ತು ಕಲಿಕೆ ಸ್ವಲ್ಪ ಮುಂದಿತ್ತು. ಬಹಳ ಹೆಚ್ಚು ಗಂಟೆ ಹೊರಗಿನ ಆರೈಕೆಯಲ್ಲಿದ್ದವರಲ್ಲಿ ಹಟ, ಜಗಳದಂಥ ವರ್ತನೆ ಸ್ವಲ್ಪ ಹೆಚ್ಚಿತ್ತು. ಎರಡೂ ಪರಿಣಾಮಗಳು ಚಿಕ್ಕವು. ತಂದೆ–ತಾಯಿ ಮಗುವಿನ ಜೊತೆ ಹೇಗಿರುತ್ತಾರೆ, ಮನೆಯ ವಾತಾವರಣ ಹೇಗಿದೆ ಎಂಬುದರ ಪ್ರಭಾವ ಇವೆರಡಕ್ಕಿಂತ ದೊಡ್ಡದು. ನೋಡಿಕೊಳ್ಳುವ ಒಬ್ಬೊಬ್ಬರ ಪಾಲಿಗೆ ಮಕ್ಕಳು ಕಡಿಮೆ ಇದ್ದಷ್ಟೂ ಆರೈಕೆ ಹೆಚ್ಚು ಪ್ರೀತಿಯಿಂದ ಕೂಡಿತ್ತು ಎಂಬುದನ್ನೂ ಅದು ಗಮನಿಸಿತು. ಗಡಿಯಾರ ನೋಡುವ ಮೊದಲು ಕೈಗಳನ್ನು ಎಣಿಸಿ ಎಂದು ಹೇಳಲು ಇದೂ ಒಂದು ಕಾರಣ.

ಅರ್ಧ ದಿನದಲ್ಲಿ ನಿದ್ದೆಯ ವಿಷಯ ಮಾತ್ರ ಮರೆಯಬೇಡಿ. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲು ನಿದ್ದೆ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ. ಮಧ್ಯಾಹ್ನ 1 ಗಂಟೆ ಎಂದರೆ ಹಲವು ಮಕ್ಕಳು ಕಣ್ಣುಜ್ಜುವ ಹೊತ್ತು. ಆಟೋದಲ್ಲಿ ಹತ್ತು ನಿಮಿಷ ತೂಕಡಿಸಿ ಮನೆಗೆ ಬಂದ ಮೇಲೆ ಮಲಗದೆ ರಗಳೆ ಮಾಡಿದರೆ, ಮನೆಯಲ್ಲಿ ಆಮೇಲೆ ಕೆಲಸ ಮಾಡುತ್ತೇನೆ ಎಂಬ ಯೋಜನೆ ಅಲ್ಲಿಗೇ ಮುಗಿಯಿತು. ಕರೆದೊಯ್ಯುವ ಸಮಯವನ್ನು 12.15ಕ್ಕೋ ನಿದ್ದೆ ಮುಗಿಯುವ 3 ಗಂಟೆಗೋ ಇಟ್ಟುಕೊಳ್ಳಲು ಸಾಧ್ಯವೇ ಎಂದು ಕೇಂದ್ರದಲ್ಲಿ ಕೇಳಿ.

ನಂಬಿಕೆ: ಅಜ್ಜಿ ಮನೆಯಲ್ಲಿದ್ದರೆ ಖರ್ಚೇ ಇಲ್ಲ.

ವಾಸ್ತವ: ದುಡ್ಡಿನ ರೂಪದಲ್ಲಿ ಕಾಣದ ಖರ್ಚು ಅದು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಯವರ ಆರೈಕೆಯಲ್ಲಿ ತೊಡಗಿದ 15ರಿಂದ 59 ವರ್ಷದ ಮಹಿಳೆಯರು ದಿನಕ್ಕೆ ಸುಮಾರು 140 ನಿಮಿಷ ಅದಕ್ಕೆ ಕೊಡುತ್ತಾರೆ, ಪುರುಷರು 74 ನಿಮಿಷ. ಅಜ್ಜಿಗೆ ಮಂಡಿ ನೋವಿದ್ದು, ಓಡುವ ಮಗುವಿನ ಹಿಂದೆ ದಿನವಿಡೀ ಓಡಬೇಕೆಂದರೆ ಅದರ ಬೆಲೆಯನ್ನು ಅವರ ಆರೋಗ್ಯ ಕಟ್ಟುತ್ತದೆ. ಅರ್ಧ ದಿನದ ಡೇಕೇರ್ ಚೆನ್ನಾಗಿ ಹೊಂದುವ ಮನೆಗಳಲ್ಲಿ ಇಂಥ ಮನೆಯೂ ಒಂದು: ಬೆಳಿಗ್ಗೆ ಮಗು ಕೇಂದ್ರದಲ್ಲಿ, ಅಜ್ಜಿಗೆ ವಿಶ್ರಾಂತಿ, ಮಧ್ಯಾಹ್ನ ಇಬ್ಬರೂ ಜೊತೆಗೆ.

ನಂಬಿಕೆ: ತಾಯಿಯ ಸಂಬಳದಲ್ಲಿ ಡೇಕೇರ್ ಫೀ ಕಳೆದು ಉಳಿದದ್ದು ಕಡಿಮೆಯಾದರೆ ಕೆಲಸ ಬಿಡುವುದೇ ಲಾಭ.

ವಾಸ್ತವ: ಈ ಲೆಕ್ಕದಲ್ಲಿ ಎರಡು ತಪ್ಪುಗಳಿವೆ. ಮೊದಲನೆಯದು, ಮಗು ಇಬ್ಬರದು, ಖರ್ಚೂ ಇಬ್ಬರದು. ತಾಯಿಯ ಸಂಬಳ 30,000, ತಂದೆಯದು 45,000 ಎಂದುಕೊಳ್ಳಿ. ಪೂರ್ತಿ ದಿನದ 15,168 ರೂಪಾಯಿಯನ್ನು ತಾಯಿಯ ಸಂಬಳದಿಂದ ಕಳೆದರೆ ಅರ್ಧವೇ ಹೋಯಿತು ಅನ್ನಿಸುತ್ತದೆ. ಮನೆಯ 75,000 ಆದಾಯದಲ್ಲಿ ಅದು ಸುಮಾರು ಐದನೇ ಒಂದು ಪಾಲು. ಖರ್ಚು ಅದೇ, ಹೆಸರು ಬರೆದ ಜಾಗ ಬೇರೆ.

ಎರಡನೆಯ ತಪ್ಪು, ಈ ತಿಂಗಳ ಸಂಬಳವನ್ನು ಮಾತ್ರ ನೋಡುವುದು. ಎರಡು ವರ್ಷದ ಡೇಕೇರ್ ಖರ್ಚು ಮೇಲಿನ ಲೆಕ್ಕದಲ್ಲಿ ಸುಮಾರು 3.64 ಲಕ್ಷ. ಎರಡು ವರ್ಷ ಕೆಲಸ ಬಿಟ್ಟರೆ ಹೋಗುವ ಸಂಬಳವೇ 7.2 ಲಕ್ಷ. ಪಿಎಫ್, ಬಡ್ತಿ, ಅನುಭವದ ವರ್ಷಗಳು ಬೇರೆ. ಹಿಂತಿರುಗಿ ಬಂದಾಗ ಅದೇ ಸಂಬಳಕ್ಕೆ ಕೆಲಸ ಸಿಗುತ್ತದೆ ಎಂಬ ಖಾತರಿಯಿಲ್ಲ. ಡೇಕೇರ್ ವ್ಯವಸ್ಥೆ ಚೆನ್ನಾಗಿರುವ ಡೆನ್ಮಾರ್ಕ್‌ನಲ್ಲೇ, ಮೊದಲ ಮಗು ಹುಟ್ಟಿದ ಮೇಲೆ ಮಹಿಳೆಯರ ಗಳಿಕೆ ಪುರುಷರಿಗೆ ಹೋಲಿಸಿದರೆ ದೀರ್ಘಕಾಲದಲ್ಲಿ ಸುಮಾರು ಶೇ 20ರಷ್ಟು ಹಿಂದೆ ಬೀಳುತ್ತದೆ ಎಂದು 2019ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಪುರುಷರ ಗಳಿಕೆಗೆ ಅಂಥ ಪೆಟ್ಟು ಬೀಳಲಿಲ್ಲ.

ಮಗುವಿನ ಜೊತೆ ಮನೆಯಲ್ಲಿರಬೇಕು ಎಂದು ತಾಯಿಯೋ ತಂದೆಯೋ ಬಯಸಿದರೆ ಅದು ಅವರ ಆಯ್ಕೆ. ಲೆಕ್ಕ ತಪ್ಪಿದ್ದರಿಂದ ಆ ತೀರ್ಮಾನ ಆಗಬಾರದು ಅಷ್ಟೆ.

ಕಡಿಮೆ ಖರ್ಚಿನ ದಾರಿಗಳು ಇವೆಯೇ?

*ಕಚೇರಿಯ ಕೇಂದ್ರ.* 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆಯ ಪ್ರಕಾರ 50 ಅಥವಾ ಅದಕ್ಕಿಂತ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆ ಶಿಶುಪಾಲನಾ ಸೌಲಭ್ಯ ಒದಗಿಸಬೇಕು. ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಬರಲು ಬಿಡಬೇಕು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಸೌಲಭ್ಯ ಮುಂದುವರಿದಿದೆ. ಕೇಂದ್ರವನ್ನು ಕಚೇರಿಯಲ್ಲೇ ನಡೆಸಬೇಕೆಂದಿಲ್ಲ, ಹಂಚಿಕೊಂಡ ಕೇಂದ್ರವೂ ಆಗಬಹುದು. ಹೀಗಾಗಿ ಹೊರಗೆ ಹುಡುಕುವ ಮೊದಲು ನಿಮ್ಮ ಎಚ್‌ಆರ್‌ ವಿಭಾಗಕ್ಕೆ ಇಮೇಲ್ ಬರೆದು ಕೇಳಿ.

*ಅಂಗನವಾಡಿ ಮತ್ತು ಪಾಲನಾ.* ಅಂಗನವಾಡಿಯ ಶಾಲಾಪೂರ್ವ ಶಿಕ್ಷಣ ಇರುವುದು 3ರಿಂದ 6 ವರ್ಷದವರಿಗೆ. ಅದಕ್ಕಿಂತ ಚಿಕ್ಕವರಿಗೆ ಪೌಷ್ಟಿಕ ಆಹಾರ ಮನೆಗೆ ಸಿಗುತ್ತದೆ, ದಿನದ ಆರೈಕೆ ಸಿಗುವುದಿಲ್ಲ. ಈ ಕೊರತೆ ತುಂಬಲು ಕೇಂದ್ರ ಸರ್ಕಾರ ‘ಮಿಷನ್ ಶಕ್ತಿ’ಯ ಭಾಗವಾದ ‘ಪಾಲನಾ’ ಯೋಜನೆಯಲ್ಲಿ ಅಂಗನವಾಡಿಯ ಜೊತೆಗೇ ಶಿಶುಪಾಲನಾ ಕೇಂದ್ರ ನಡೆಸುವ ವ್ಯವಸ್ಥೆ ತಂದಿದೆ. 6 ತಿಂಗಳಿಂದ 6 ವರ್ಷದ ಮಕ್ಕಳಿಗೆ ಇದು ತೆರೆದಿದೆ. ನಿಮ್ಮ ವಾರ್ಡಿನಲ್ಲಿ ಇದೆಯೇ ಎಂದು ಹತ್ತಿರದ ಅಂಗನವಾಡಿ ಕಾರ್ಯಕರ್ತೆಯನ್ನು ವಿಚಾರಿಸಿ.

*ಕೂಸಿನ ಮನೆ.* ಗ್ರಾಮ ಪಂಚಾಯಿತಿಗಳಲ್ಲಿ 4,000 ಕೂಸಿನ ಮನೆಗಳನ್ನು ತೆರೆಯುವುದಾಗಿ ಕರ್ನಾಟಕ ಸರ್ಕಾರ 2023–24ರ ಬಜೆಟ್ಟಿನಲ್ಲಿ ಘೋಷಿಸಿತು. ಉದ್ಯೋಗ ಖಾತರಿ ಕೆಲಸಕ್ಕೆ ಹಾಗೂ ಬೇರೆ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆ ಇಲ್ಲಿ ಉಚಿತ ಆರೈಕೆ. ನೋಡಿಕೊಳ್ಳುವವರು ತರಬೇತಿ ಪಡೆದ ಸ್ಥಳೀಯ ಮಹಿಳೆಯರೇ.

*ಕಾರ್ಖಾನೆ, ತೋಟ, ಕಟ್ಟಡ ಕೆಲಸ.* ದುಡಿಯುವ ಜಾಗದಲ್ಲಿ ಮಗುವಿನ ಆರೈಕೆ ಎಂಬುದು ಐಟಿ ಕಾಲದ ಹೊಸ ಕಲ್ಪನೆಯಲ್ಲ. 1948ರ ಕಾರ್ಖಾನೆ ಕಾಯ್ದೆಯೇ 30ಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿರುವಲ್ಲಿ ಇದನ್ನು ಕಡ್ಡಾಯ ಮಾಡಿತ್ತು. 1951ರ ತೋಟ ಕಾರ್ಮಿಕರ ಕಾಯ್ದೆ, 1996ರ ಕಟ್ಟಡ ಕಾರ್ಮಿಕರ ಕಾಯ್ದೆಗಳಲ್ಲೂ ಇದಕ್ಕೆ ಜಾಗವಿತ್ತು. ಬೆಂಗಳೂರಿನ ಗಾರ್ಮೆಂಟ್ಸ್ ಮಹಿಳೆಯರಿಗೆ, ಕೊಡಗು–ಚಿಕ್ಕಮಗಳೂರಿನ ಕಾಫಿ ತೋಟದವರಿಗೆ ಇದು ಹಳೆಯ ಹಕ್ಕು.

*ತೆರಿಗೆ.* ‘80ಸಿ’ ಎಂದು ಪರಿಚಿತವಾದ ಬೋಧನಾ ಶುಲ್ಕದ ವಿನಾಯಿತಿ ಪ್ಲೇಸ್ಕೂಲ್, ನರ್ಸರಿಯ ಬೋಧನಾ ಶುಲ್ಕಕ್ಕೂ ಅನ್ವಯಿಸುತ್ತದೆ. ಆದರೆ ಹಳೆಯ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ ಮಾತ್ರ. ಊಟ, ವಾಹನ, ಅಭಿವೃದ್ಧಿ ಶುಲ್ಕಗಳು ಇದರಲ್ಲಿ ಸೇರುವುದಿಲ್ಲ. ಆದ್ದರಿಂದ ಬೋಧನಾ ಶುಲ್ಕವನ್ನು ಬೇರೆಯಾಗಿ ತೋರಿಸಿದ ರಸೀದಿ ಕೇಳಿ ಪಡೆಯಿರಿ.

ಬೇರೆ ದೇಶಗಳು ಈ ಭಾರವನ್ನು ಹೇಗೆ ಹಂಚಿಕೊಂಡಿವೆ? ಸ್ವೀಡನ್ 2002ರಲ್ಲಿ ಫೀಗೆ ಮಿತಿ ಹಾಕಿತು. ಮೊದಲ ಮಗುವಿಗೆ ಕುಟುಂಬದ ಆದಾಯದ ಶೇ 3ಕ್ಕಿಂತ ಹೆಚ್ಚು ಕೇಳುವಂತಿಲ್ಲ. ಇಂಗ್ಲೆಂಡ್ 2025ರ ಸೆಪ್ಟೆಂಬರ್‌ನಿಂದ, ದುಡಿಯುವ ಪೋಷಕರ 9 ತಿಂಗಳು ದಾಟಿದ ಮಕ್ಕಳಿಗೆ ವರ್ಷದ 38 ವಾರ, ವಾರಕ್ಕೆ 30 ಗಂಟೆಯ ಆರೈಕೆಯ ಖರ್ಚು ಕೊಡುತ್ತಿದೆ. ಅಲ್ಲೂ ಆರೈಕೆ ಅಗ್ಗವಾಗಿಲ್ಲ. ಬಿಲ್ಲಿನ ಒಂದು ಪಾಲನ್ನು ಸರ್ಕಾರ ಕಟ್ಟುತ್ತಿದೆ.

ಅರ್ಧ ದಿನ ಯಾರಿಗೆ ಹೊಂದುತ್ತದೆ?

- ಮಧ್ಯಾಹ್ನದ ಮೇಲೆ ಮನೆಯಲ್ಲಿ ನೋಡಿಕೊಳ್ಳುವವರು ಖಚಿತವಾಗಿ ಇರುವವರಿಗೆ.
- ಬೆಳಗಿನ ಹೊತ್ತು ಮಾತ್ರ ಕೆಲಸವಿರುವ ಶಿಕ್ಷಕರು, ಉಪನ್ಯಾಸಕರಿಗೆ.
- ಕೇಂದ್ರ ನಡೆದು ಹೋಗುವಷ್ಟು ಹತ್ತಿರವಿರುವವರಿಗೆ. ಆಟೋ ಖರ್ಚು ಹೋದರೆ ಮೇಲಿನ ಲೆಕ್ಕದಲ್ಲಿ ಗಂಟೆಗೆ 160 ಇದ್ದದ್ದು ಸುಮಾರು 118ಕ್ಕೆ ಇಳಿಯುತ್ತದೆ.
- ಸೀಟು ಹಂಚಿಕೊಳ್ಳಲು ಇನ್ನೊಂದು ಕುಟುಂಬ ಸಿಕ್ಕವರಿಗೆ. ಬೆಳಿಗ್ಗೆ ನಿಮ್ಮ ಮಗು, ಮಧ್ಯಾಹ್ನ ಅವರ ಮಗು ಎಂದು ಇಬ್ಬರೂ ಒಟ್ಟಿಗೆ ಹೋಗಿ ಕೇಳಿದರೆ ಖಾಲಿ ಸೀಟಿನ ಭಯ ಕೇಂದ್ರಕ್ಕಿರುವುದಿಲ್ಲ. ಫೀ ಇಳಿಸಿ ಎಂದು ಕೇಳಲು ನಿಮಗೆ ಕಾರಣ ಸಿಗುತ್ತದೆ.

ಸೇರಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಬೆಳಿಗ್ಗೆ 11ರಿಂದ 12ರ ನಡುವೆ, ಮಕ್ಕಳು ಹೆಚ್ಚಿರುವಾಗ, ಮೂರು ವರ್ಷದೊಳಗಿನ ಎಷ್ಟು ಮಕ್ಕಳಿಗೆ ಎಷ್ಟು ಜನ ಇರುತ್ತಾರೆ? ಉತ್ತರ ಕೇಳಿದ ಮೇಲೆ ಅದೇ ಹೊತ್ತಿಗೆ ಒಮ್ಮೆ ಹೋಗಿ ನೀವೇ ಎಣಿಸಿ.
2. ಆಯಾ ರಜೆ ಹಾಕಿದ ದಿನ ಅವರ ಜಾಗಕ್ಕೆ ಯಾರು ಬರುತ್ತಾರೆ?
3. ಮಗು ಕಾಯಿಲೆಯಿಂದ ಬಾರದ ದಿನಗಳ ಫೀ ಹೊಂದಿಸಿಕೊಡುತ್ತೀರಾ? ಬೇರೆ ದಿನ ಬದಲಿ ಸಿಗುತ್ತದೆಯೇ?
4. ಹಬ್ಬ, ಬೇಸಿಗೆ ಸೇರಿ ವರ್ಷಕ್ಕೆ ಎಷ್ಟು ದಿನ ಮುಚ್ಚಿರುತ್ತೀರಿ? ಆ ತಿಂಗಳಲ್ಲೂ ಪೂರ್ತಿ ಫೀ ಕಟ್ಟಬೇಕೇ?
5. ತಡವಾದರೆ ಗಂಟೆಗೆ ಎಷ್ಟು? ತಿಂಗಳಲ್ಲಿ ಕೆಲವು ದಿನ ಮಾತ್ರ ಪೂರ್ತಿ ದಿನ ಬಿಡಬೇಕಾದರೆ ಎಷ್ಟು?
6. ಬಿಡಿಸುವಾಗ ಎಷ್ಟು ದಿನ ಮೊದಲು ತಿಳಿಸಬೇಕು? ಡಿಪಾಸಿಟ್ ಪೂರ್ತಿ ವಾಪಸ್ ಬರುತ್ತದೆಯೇ? ಇದನ್ನು ಬರವಣಿಗೆಯಲ್ಲಿ ಪಡೆಯಿರಿ.

ಉತ್ತರಗಳು ಕೈಯಲ್ಲಿದ್ದರೆ ಲೆಕ್ಕ ಸುಲಭ. ತಿಂಗಳ ಫೀ, ಅಡ್ಮಿಷನ್ ಫೀಯ ಹನ್ನೆರಡನೇ ಒಂದು ಭಾಗ ಮತ್ತು ಓಡಾಟದ ಖರ್ಚನ್ನು ಕೂಡಿಸಿ. ಕಾಯಿಲೆ, ರಜೆ ಕಳೆದು ತಿಂಗಳಿಗೆ ನಿಜವಾಗಿ ಸಿಗುವ ಗಂಟೆಗಳಿಂದ ಭಾಗಿಸಿ. ಎರಡು–ಮೂರು ಕೇಂದ್ರಗಳಿಗೆ ಹೀಗೆ ಮಾಡಿ, ಪ್ರತಿಯೊಂದರ ಪಕ್ಕದಲ್ಲಿ ‘ಒಬ್ಬ ಆಯಾಗೆ ಎಷ್ಟು ಮಕ್ಕಳು’ ಎಂದೂ ಬರೆಯಿರಿ. ಈ ಎರಡು ಅಂಕಿಗಳನ್ನು ಒಟ್ಟಿಗೆ ನೋಡಿದಾಗ ಯಾವ ಕೇಂದ್ರ ನಿಜಕ್ಕೂ ಅಗ್ಗ, ಯಾವುದು ಮಗುವಿನ ಆರೈಕೆಯಲ್ಲಿ ಕಡಿತ ಮಾಡಿ ಅಗ್ಗವಾಗಿ ಕಾಣುತ್ತಿದೆ ಎಂಬುದು ತಿಳಿಯುತ್ತದೆ.